ಬಾಗಿಲ ಮೇಲಿನ ಎರಡಕ್ಷರ: ಆಸ್ಟಿಯೋಪತಿ, ಸಂಯೋಜಿತ ಚಿಕಿತ್ಸೆ ಮತ್ತು ರೋಗಿಯ ಪ್ರಶ್ನೆ

ನ್ಯೂಜೆರ್ಸಿಯ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿದ್ದ ನನ್ನ ಚಿಕ್ಕಮ್ಮ ಒಂದು ದಿನ ಕ್ಲಿನಿಕ್ಕಿನ ಹೊರಗೆ ನಿಂತೇ ಫೋನ್ ಮಾಡಿದರು. ಹದಿನೈದು ದಿನದಿಂದ ಕತ್ತು ನೋವು ಬಿಟ್ಟಿರಲಿಲ್ಲ. ಬಾಗಿಲ ಮೇಲೆ ವೈದ್ಯರ ಹೆಸರಿನ ಮುಂದೆ ಎಂ.ಡಿ. ಇರಲಿಲ್ಲ, ಡಿ.ಓ. ಎಂದಿತ್ತು. “ಇವರು ಕಣ್ಣಿನ ಡಾಕ್ಟರಲ್ವಾ ಪುಟ್ಟ? ಕತ್ತು ನೋವಿಗೆ ಕಣ್ಣಿನ ಡಾಕ್ಟರ ಹತ್ರ ಯಾಕೆ ಕರ್ಕೊಂಡು ಬಂದಿದಾಳೆ ಇವಳು?”

ಅವರ ಅನುಮಾನಕ್ಕೆ ಆಧಾರವಿತ್ತು. ನಮ್ಮ ಊರುಗಳಲ್ಲಿ ಎಂ.ಬಿ.ಬಿ.ಎಸ್. ಪಕ್ಕದಲ್ಲಿ ಡಿ.ಓ. ಎಂದಿದ್ದರೆ ಅದು ನೇತ್ರವಿಜ್ಞಾನದ ಡಿಪ್ಲೊಮಾ. ಅಮೆರಿಕದಲ್ಲಿ ಅದೇ ಅಕ್ಷರಗಳು ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್ ಎಂಬ ಪದವಿಯನ್ನು ಸೂಚಿಸುತ್ತವೆ. ಬ್ರಿಟನ್ನಿನಲ್ಲಿ ಹಳೆಯ ತಲೆಮಾರಿನವರ ಹೆಸರಿನ ಜೊತೆ ಕಾಣುವ ಡಿ.ಓ. ಎಂದರೆ ಆಸ್ಟಿಯೋಪತಿಯ ಡಿಪ್ಲೊಮಾ. ಮೂರು ನಾಡು, ಮೂರು ಅರ್ಥ. “ಅವರೂ ಪೂರ್ತಿ ಡಾಕ್ಟರೇ, ಹೆದರಬೇಡಿ, ಒಳಗೆ ಹೋಗಿ” ಎಂದೆ. ಹೇಳಿದ್ದು ಸರಿಯಾಗಿತ್ತು, ಸಾಲದಾಗಿತ್ತು. ಚಿಕ್ಕಮ್ಮ ಹೃದಯ ಬಡಿತದ ಏರುಪೇರಿಗಾಗಿ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆಂದು ನನಗೆ ತಿಳಿದಿತ್ತು. ಕತ್ತಿಗೆ ಕೈ ಹಾಕುವ ಮೊದಲು ಅದನ್ನು ಹೇಳಿ ಎನ್ನುವುದು ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ. ಈ ಟಿಪ್ಪಣಿ ಶುರುವಾದದ್ದು ಆ ಕೊರತೆಯಿಂದ.

ಮೊದಲು ಹೆಸರಿನ ವಿಚಾರ. ಆಸ್ಟಿಯೋಪತಿ ಎಂಬ ಮಾತನ್ನು ಕಟ್ಟಿದವರು ಆಂಡ್ರ್ಯೂ ಟೇಲರ್ ಸ್ಟಿಲ್ (1828–1917). ತಂದೆ ಮೆಥಡಿಸ್ಟ್ ಪಾದ್ರಿ, ಜೊತೆಗೆ ವೈದ್ಯ. ಆ ಕಾಲದ ಗಡಿನಾಡಿನ ರೂಢಿಯಂತೆ ಮಗನೂ ತಂದೆಯ ಜೊತೆ ಓಡಾಡುತ್ತಲೇ ವೈದ್ಯ ಕಲಿತ. ಅಮೆರಿಕದ ಅಂತರ್ಯುದ್ಧದಲ್ಲಿ ಕೆಲಸ ಮಾಡಿದ ಸ್ಟಿಲ್ ಅವರ ಮನೆಯಲ್ಲಿ 1864ರಲ್ಲಿ ಮೆನಿಂಜೈಟಿಸ್ ಹೊಕ್ಕು ಮೂವರು ಮಕ್ಕಳನ್ನು ಕೊಂಡೊಯ್ದಿತು. ಆಗಿನ ವೈದ್ಯರ ಕೈಯಲ್ಲಿದ್ದದ್ದು ಪಾದರಸದ ಭೇದಿ ಔಷಧ, ಅಫೀಮು, ಮದ್ಯದಂಥವು. ಅವು ಯಾವುದೂ ಆ ಮಕ್ಕಳನ್ನು ಉಳಿಸುವಂತಿರಲಿಲ್ಲ. ಔಷಧಗಳ ಮೇಲೆ ಸ್ಟಿಲ್ ಅವರಿಗೆ ಹುಟ್ಟಿದ ಅಪನಂಬಿಕೆಯನ್ನು ಈ ದುಃಖದಿಂದ ಬಿಡಿಸಿ ಓದಬಾರದು ಎಂದು ನನಗೆ ತೋರುತ್ತದೆ. ಎಲುಬು, ಸ್ನಾಯು, ರಕ್ತನಾಳಗಳ ಸ್ಥಾನ ಸರಿಯಿದ್ದರೆ ದೇಹ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. 1874ರ ಜೂನ್ 22ನ್ನು ತಮ್ಮ ಪದ್ಧತಿ ಹುಟ್ಟಿದ ದಿನವೆಂದು ಹೇಳಿಕೊಂಡರು. ಮುಂದೆ ಹಲವು ವರ್ಷ ಮಿಸ್ಸೌರಿಯ ಊರೂರು ತಿರುಗಿ ಎಲುಬು ಕೂರಿಸುವವರಾಗಿಯೇ ಹೆಸರು ಮಾಡಿದರು. ನಮ್ಮಲ್ಲಿ ಉಳುಕು ತೆಗೆಯುವ ನಾಟಿ ವೈದ್ಯರನ್ನು ಕಂಡವರಿಗೆ ಈ ಚಿತ್ರ ಅಪರಿಚಿತವೇನಲ್ಲ. ವ್ಯತ್ಯಾಸವೆಂದರೆ ಸ್ಟಿಲ್ ತಮ್ಮ ಕೈವಿದ್ಯೆಗೆ ಶಾಲೆ ಕಟ್ಟಿದರು. 1892ರಲ್ಲಿ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ತೆರೆದ ಆ ಶಾಲೆಗೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡರು. ಅಂಗರಚನಾಶಾಸ್ತ್ರ ಕಲಿಸಲು ಎಡಿನ್‌ಬರೊದಲ್ಲಿ ಓದಿದ ವೈದ್ಯ ವಿಲಿಯಂ ಸ್ಮಿತ್ ಇದ್ದರು. 1896ರಲ್ಲಿ ವರ್ಮಾಂಟ್ ರಾಜ್ಯ ಈ ಪದ್ಧತಿಗೆ ಮೊದಲ ಕಾನೂನಿನ ಮಾನ್ಯತೆ ಕೊಟ್ಟಿತು.

ಮುಂದೆ ನಡೆದದ್ದನ್ನು ತಿಳಿಯದೆ ಇವತ್ತಿನ ರೋಗಿಗೆ ಈ ಪದ ಅರ್ಥವಾಗುವುದಿಲ್ಲ. ವೈದ್ಯ ಶಿಕ್ಷಣವನ್ನು ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿ ಆಸ್ಟಿಯೋಪತಿ ಶಾಲೆಗಳನ್ನು ಕಟುವಾಗಿ ಟೀಕಿಸಿತು. ಅಮೆರಿಕದ ಶಾಲೆಗಳು ನಿಧಾನವಾಗಿ ಪ್ರಯೋಗಾಲಯ, ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆಗಳನ್ನೆಲ್ಲ ಒಳಗೆ ತೆಗೆದುಕೊಂಡವು. ಔಷಧ ಬೇಡವೆಂದು ಹುಟ್ಟಿದ ಪದ್ಧತಿಯ ಪದವೀಧರರು ಎಲ್ಲ ಔಷಧ ಬರೆಯುವ ವೈದ್ಯರಾದರು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಆಸ್ಟಿಯೋಪತಿ ವೈದ್ಯರು 65 ಡಾಲರ್ ಶುಲ್ಕ ಕಟ್ಟಿ ಡಿ.ಓ. ಪದವಿಯ ಜಾಗದಲ್ಲಿ ಎಂ.ಡಿ. ಪಡೆದರು. ಹಿಂದಿನ ದಿನ ನೋಡಿದ ರೋಗಿಗಳನ್ನೇ ಮರುದಿನವೂ ನೋಡಿದರು; ಬದಲಾದದ್ದು ಬಾಗಿಲ ಮೇಲಿನ ಅಕ್ಷರ. ಆ ರಾಜ್ಯದಲ್ಲಿ ಹೊಸ ಡಿ.ಓ.ಗಳಿಗೆ ಪರವಾನಗಿ ನಿಂತುಹೋಯಿತು, 1974ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ತೆರೆಯಿಸಿತು. ಈ ಪ್ರಸಂಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅಕ್ಷರಗಳು ಎಷ್ಟು ಕಡಿಮೆ ಹೇಳುತ್ತವೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಇವತ್ತು ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಆಸ್ಟಿಯೋಪತಿ ಕಾಲೇಜಿನವರು. 2020ರಿಂದ ಎಂ.ಡಿ. ಮತ್ತು ಡಿ.ಓ. ಪದವೀಧರರ ಸ್ನಾತಕೋತ್ತರ ತರಬೇತಿ ಒಂದೇ ಮಾನ್ಯತಾ ವ್ಯವಸ್ಥೆಯಡಿ ನಡೆಯುತ್ತಿದೆ. ಶ್ವೇತಭವನದಲ್ಲಿ ಟ್ರಂಪ್ ಅವರ ವೈದ್ಯರಾಗಿದ್ದ ಷಾನ್ ಕಾನ್ಲಿ, ಬೈಡನ್ ಅವರ ವೈದ್ಯರಾಗಿದ್ದ ಕೆವಿನ್ ಓಕಾನರ್ ಇಬ್ಬರೂ ಡಿ.ಓ.ಗಳು. ಕೈಯಿಂದ ಮಾಡುವ ಚಿಕಿತ್ಸೆಗೆ ಈ ವಿದ್ಯಾರ್ಥಿಗಳು ಸುಮಾರು 200 ಗಂಟೆ ಹೆಚ್ಚುವರಿ ತರಬೇತಿ ಪಡೆಯುತ್ತಾರೆ. ಆದರೆ 2018ರಲ್ಲಿ ಈ ವೈದ್ಯರ ನಡುವೆಯೇ ನಡೆದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ಆ ಚಿಕಿತ್ಸೆಯನ್ನು ಯಾವ ರೋಗಿಗೂ ಮಾಡುವುದಿಲ್ಲ ಎಂದರು. ಡಿ.ಓ. ಬಳಿ ಹೋದರೆ ಬೆನ್ನು ನೀವುತ್ತಾರೆ ಎಂದು ನಿರೀಕ್ಷಿಸಿ ಹೋದವರಿಗೆ ರಕ್ತದೊತ್ತಡದ ಮಾತ್ರೆ ಬರೆದ ಚೀಟಿ ಮಾತ್ರ ಸಿಗಬಹುದು.

ಅಟ್ಲಾಂಟಿಕ್ ದಾಟಿದರೆ ಕಥೆ ಬೇರೆ. ಸ್ಟಿಲ್ ಅವರ ಶಿಷ್ಯ ಜಾನ್ ಮಾರ್ಟಿನ್ ಲಿಟಲ್‌ಜಾನ್ 1917ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಶಾಲೆಯಿಂದ ಬೆಳೆದ ಪರಂಪರೆ ವೈದ್ಯ ಪದವಿಯ ದಾರಿ ಹಿಡಿಯಲಿಲ್ಲ. 1993ರ ಆಸ್ಟಿಯೋಪತ್ಸ್ ಆ್ಯಕ್ಟ್ ಆ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ; ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್‌ನ ಪಟ್ಟಿಯಲ್ಲಿ ಇಲ್ಲದವರು ಅಲ್ಲಿ ಆಸ್ಟಿಯೋಪತ್ ಎಂದು ಹೇಳಿಕೊಳ್ಳುವಂತಿಲ್ಲ. ಅಲ್ಲಿನ ಆಸ್ಟಿಯೋಪತ್ ಕೈಚಿಕಿತ್ಸೆಯಲ್ಲಿ ಪೂರ್ಣ ತರಬೇತಿ ಪಡೆದವರು. ಅವರು ಎಂ.ಬಿ.ಬಿ.ಎಸ್. ಸಮಾನರಾದ ವೈದ್ಯರಲ್ಲ. ಲಂಡನ್ನಿನಲ್ಲಿರುವ ಕನ್ನಡಿಗರೊಬ್ಬರು ಅಮೆರಿಕದ ತಮ್ಮನ ಮಾತು ಕೇಳಿ “ಆಸ್ಟಿಯೋಪತ್ ಅಂದ್ರೆ ಡಾಕ್ಟರೇ” ಎಂದುಕೊಂಡು ಎದೆನೋವಿಗೆ ಅಲ್ಲಿಗೆ ಹೋದರೆ ಎರಡೂ ಕಡೆಯವರಿಗೆ ಅನ್ಯಾಯ. ಭಾರತದಲ್ಲಿ ಆಸ್ಟಿಯೋಪತಿಗೆಂದೇ ಶಾಸನದಿಂದ ಹುಟ್ಟಿದ ಪ್ರತ್ಯೇಕ ಕೌನ್ಸಿಲ್ ಇಲ್ಲ. ಹೀಗಾಗಿ ಬೆಂಗಳೂರಿನಲ್ಲಿ ಆ ಬೋರ್ಡು ಕಂಡರೆ, ಆ ವ್ಯಕ್ತಿ ಮೂಲತಃ ಫಿಸಿಯೋಥೆರಪಿ ಓದಿದವರೋ, ವೈದ್ಯರೋ, ಹೊರದೇಶದಲ್ಲಿ ಕಲಿತು ಬಂದವರೋ, ಕೆಲವು ವಾರಾಂತ್ಯದ ತರಬೇತಿ ಮುಗಿಸಿದವರೋ ಎನ್ನುವುದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಹಿಂದೆ ವೈದ್ಯ ಶಿಕ್ಷಣವಿಲ್ಲದವರಿಗೆ 4,200 ಗಂಟೆಗಳ ತರಬೇತಿ ಹೇಳಿದೆ, ಅದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿದ ಅನುಭವ. ಎಷ್ಟು ಗಂಟೆ ಕಲಿತಿರಿ ಎಂದು ಕೇಳುವುದು ಒರಟುತನವಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬಹುದು: ಮೂಳೆ ಮುರಿದರೆ ಹೋಗಬೇಕಾದದ್ದು ಆರ್ಥೋ ಡಾಕ್ಟರ ಬಳಿ. ಆಸ್ಟಿಯೋ ಎಂಬುದಕ್ಕೆ ಗ್ರೀಕಿನಲ್ಲಿ ಎಲುಬೆಂಬ ಅರ್ಥವಿದ್ದರೂ ಆಸ್ಟಿಯೋಪತ್ ಮೂಳೆ ತಜ್ಞರಲ್ಲ.

ಇನ್ನು, ಕೈಚಿಕಿತ್ಸೆಯಿಂದ ಗುಣವಾಗುತ್ತದೆಯೇ? ಹೆಚ್ಚು ಪರೀಕ್ಷೆ ನಡೆದಿರುವುದು ಸೊಂಟನೋವಿನಲ್ಲಿ, ಅಲ್ಲಿ ಸಿಕ್ಕ ಉತ್ತರ ಒಂದೇ ದಿಕ್ಕಿನದಲ್ಲ. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವನ್ನು 155 ರೋಗಿಗಳು ಪೂರ್ಣಗೊಳಿಸಿದ್ದರು. ಆಸ್ಟಿಯೋಪತಿ ಪಡೆದವರಿಗೂ ಸಾಮಾನ್ಯ ಚಿಕಿತ್ಸೆ ಪಡೆದವರಿಗೂ ನೋವು ಇಳಿದ ಪ್ರಮಾಣದಲ್ಲಿ ಅಂತರ ಕಾಣಲಿಲ್ಲ; ಆದರೆ ಮೊದಲ ಗುಂಪಿನವರು ಕಡಿಮೆ ಮಾತ್ರೆ ನುಂಗಿದ್ದರು. ಟೆಕ್ಸಸ್‌ನಲ್ಲಿ 455 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ ಹೆಚ್ಚು ಆಶಾದಾಯಕ: 12 ವಾರಗಳ ಹೊತ್ತಿಗೆ ನೋವು ಮಧ್ಯಮ ಮಟ್ಟಿಗಾದರೂ ಇಳಿದವರು ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 63, ಸೋಗಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 46. ಸೋಗಿನ ಚಿಕಿತ್ಸೆ ಎಂದರೆ ಕೈ ಮೈಮೇಲೆ ಇರುತ್ತದೆ, ವಿಧಾನ ಮಾತ್ರ ಇರುವುದಿಲ್ಲ. ಫ್ರಾನ್ಸಿನಲ್ಲಿ 400 ಮಂದಿಯನ್ನು ಸೇರಿಸಿಕೊಂಡು ನಡೆಸಿದ, 2021ರಲ್ಲಿ ಹೊರಬಂದ ಪ್ರಯೋಗದಲ್ಲಿ ದಿನನಿತ್ಯದ ಕೆಲಸಕ್ಕಾಗುವ ಅಡಚಣೆಯನ್ನು ನೂರು ಅಂಕದ ಮಾಪನದಲ್ಲಿ ಅಳೆದರು. ನಿಜವಾದ ಚಿಕಿತ್ಸೆಗೂ ಸೋಗಿನ ಚಿಕಿತ್ಸೆಗೂ ಸಿಕ್ಕ ಅಂತರ 3.4 ಅಂಕ. ಲೆಕ್ಕದಲ್ಲಿ ಅಂತರವಿದೆ. ಬೆಳಗ್ಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವವರಿಗೆ ಅದು ಗೊತ್ತಾಗುವಷ್ಟು ದೊಡ್ಡದೆಂದು ಆ ಸಂಶೋಧಕರೇ ಹೇಳಲಿಲ್ಲ.

ಈ ಮೂರನ್ನೂ ಎದುರಿಗಿಟ್ಟುಕೊಂಡು ನಾನು ಬಂದಿರುವ ಅಭಿಪ್ರಾಯ ಇಷ್ಟು: ಅಪಾಯದ ಲಕ್ಷಣಗಳಿಲ್ಲದ ಸೊಂಟನೋವಿಗೆ ಇದು ಪ್ರಯತ್ನಿಸಬಹುದಾದ ಚಿಕಿತ್ಸೆಗಳಲ್ಲಿ ಒಂದು, ವ್ಯಾಯಾಮದ ಜೊತೆಗೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಕೈಚಿಕಿತ್ಸೆಯನ್ನು ವ್ಯಾಯಾಮ ಸೇರಿದ ಚಿಕಿತ್ಸೆಯ ಭಾಗವಾಗಿ ಮಾತ್ರ ಒಪ್ಪುತ್ತದೆ. ತಲೆಬುರುಡೆಯ ಎಲುಬುಗಳ ಸೂಕ್ಷ್ಮ ಚಲನೆಯನ್ನು ಬೆರಳಿನಿಂದ ಗುರುತಿಸಿ ಸರಿಪಡಿಸುತ್ತೇವೆನ್ನುವ ಕಪಾಲ ಆಸ್ಟಿಯೋಪತಿ ವಿಲಿಯಂ ಸದರ್ಲೆಂಡ್ ಅವರಿಂದ 1930ರ ದಶಕದಲ್ಲಿ ಬಂದದ್ದು. ಅದಕ್ಕೆ ನಂಬಬಹುದಾದ ಪುರಾವೆ ಇಲ್ಲ. ಹಸುಗೂಸಿನ ಅಳು ನಿಲ್ಲಿಸಲು, ಮಗುವಿನ ಕಲಿಕೆಯ ತೊಂದರೆ ಸರಿಮಾಡಲು ಎಂದು ಅದಕ್ಕೆ ಹಣ ಕಟ್ಟಬೇಕಾಗಿಲ್ಲ.

ಅಪಾಯದ ಲಕ್ಷಣಗಳನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನಮ್ಮ ನಾಡಿನಲ್ಲಿ ಬೆನ್ನುನೋವೆಂದರೆ ಬೆನ್ನುಮೂಳೆಯ ಕ್ಷಯವೂ ಆಗಿರಬಹುದು. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಯಾರೂ ಆ ಬೆನ್ನನ್ನು ಒತ್ತುವ ಮೊದಲು ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಆಗಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರಿಗೂ, ಬಿದ್ದು ಪೆಟ್ಟಾದವರಿಗೂ, ಬಹುಕಾಲ ಸ್ಟಿರಾಯ್ಡ್ ತಿಂದು ಮೂಳೆ ಸವೆದವರಿಗೂ ಇದೇ ಮಾತು. ಮೂತ್ರ ಕಟ್ಟಿದರೆ, ಮಲಮೂತ್ರದ ಜಾಗದ ಸುತ್ತ ಮರಗಟ್ಟಿದರೆ, ಕಾಲು ಸೋತರೆ ಅದು ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ವಿಷಯ. ಕತ್ತಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮೆದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಕೆಲವು ಕತ್ತಿನ ಎಲುಬಿನ ರಂಧ್ರಗಳೊಳಗೇ ಹಾದುಹೋಗುತ್ತವೆ. ಕತ್ತನ್ನು ಜೋರಾಗಿ ತಿರುಗಿಸಿದ ನಂತರ ಆ ನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳಿವೆ. ಅದು ಅಪರೂಪ. ಎಷ್ಟೋ ಸಲ ನಾಳ ಮೊದಲೇ ಸೀಳಿದ್ದು, ಆ ನೋವಿಗಾಗಿಯೇ ರೋಗಿ ಬಂದಿರಬಹುದು ಎಂಬ ವಾದವೂ ಇದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರ ಹೇಳಿಕೆಯಲ್ಲಿ ಈ ಎರಡನ್ನೂ ತೂಗಿ, ಕತ್ತು ತಿರುಗಿಸುವ ಮೊದಲು ರೋಗಿಗೆ ಈ ಸಂಬಂಧದ ಬಗ್ಗೆ ತಿಳಿಸಬೇಕೆಂದಿದೆ. ಹಜಾಮತಿ ಅಂಗಡಿಯಲ್ಲಿ ಕ್ಷೌರ ಮುಗಿದ ಮೇಲೆ ನೆಟಿಗೆ ತೆಗೆಯುತ್ತೇನೆಂದು ಕತ್ತನ್ನು ಲಟಕ್ಕನೆ ತಿರುಗಿಸುವ ಪದ್ಧತಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ತಿಳಿಸುವವರು ಯಾರೂ ಇಲ್ಲ, ಆದ್ದರಿಂದ ಬೇಡವೆನ್ನುವುದೇ ಸರಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಸಂಧಿವಾತದಿಂದ ಕತ್ತಿನ ಕೀಲು ಸಡಿಲವಾದವರು ಚಿಕಿತ್ಸೆ ಮಾಡುವವರಿಗೆ ಅದನ್ನು ಮೊದಲೇ ಹೇಳಲೇಬೇಕು. ಮೃದುವಾಗಿ ಹಿಗ್ಗಿಸುವ, ಸ್ನಾಯುವನ್ನು ಸಡಿಲಿಸುವ ವಿಧಾನಗಳೂ ಆಸ್ಟಿಯೋಪತಿಯಲ್ಲೇ ಇವೆ. ಅವನ್ನು ಕೇಳಿ ಪಡೆಯುವ ಹಕ್ಕು ರೋಗಿಗಿದೆ.

ಇಂಟಿಗ್ರೇಟಿವ್ ಎಂಬ ಇನ್ನೊಂದು ಪದಕ್ಕೆ ಬರುತ್ತೇನೆ. ಕನ್ನಡದಲ್ಲಿ ಕೆಲವರು ಇದನ್ನು ಸಮಗ್ರ ಎನ್ನುತ್ತಾರೆ. ನನಗೆ ಸಂಯೋಜಿತ ಎನ್ನುವುದು ಹೆಚ್ಚು ಪ್ರಾಮಾಣಿಕವೆನಿಸುತ್ತದೆ, ಏಕೆಂದರೆ ಇಲ್ಲಿ ಆಸ್ಪತ್ರೆಯ ಚಿಕಿತ್ಸೆ, ಅದರ ಹೊರಗಿನ ಚಿಕಿತ್ಸೆ ಎರಡನ್ನೂ ಒಬ್ಬರು ಕೂಡಿಸಿರಬೇಕು, ಕೂಡಿಸಿದವರು ಯಾರೆಂದು ಗೊತ್ತಿರಬೇಕು. ಒಂದರ ಬದಲು ಇನ್ನೊಂದನ್ನು ಹಿಡಿದರೆ ಪರ್ಯಾಯ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಂಡರೆ ಪೂರಕ. ಎರಡನ್ನೂ ಅರಿತ ವೈದ್ಯರು ಒಂದೇ ಯೋಜನೆಯಲ್ಲಿ ಹೊಂದಿಸಿದರೆ ಸಂಯೋಜಿತ. ಡಿ.ಓ. ಎಂಬುದರ ಹಿಂದೆ ಒಂದು ಪರವಾನಗಿಯಾದರೂ ಇದೆ. ಸಂಯೋಜಿತ ಎಂಬ ಪದದ ಹಿಂದೆ ಅದೂ ಇಲ್ಲ. ಅಮೆರಿಕದ ಪ್ರಮುಖ ತಜ್ಞತಾ ಒಕ್ಕೂಟದ 24 ಮಂಡಳಿಗಳಲ್ಲಿ ಸಂಯೋಜಿತ ವೈದ್ಯಕ್ಕೆಂದು ಒಂದು ಮಂಡಳಿಯಿಲ್ಲ.

ಈ ಭೇದ ಪ್ರಾಣಕ್ಕೆ ಸಂಬಂಧಿಸಿದ್ದು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣಪಡಿಸಬಹುದಾದ ಹಂತದ ಕ್ಯಾನ್ಸರ್‌ಗೆ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಮಂದಿಯಲ್ಲಿ ಸಾವಿನ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು, ಸ್ತನದ ಕ್ಯಾನ್ಸರ್‌ನಲ್ಲಿ ಐದು ಪಟ್ಟು ಮೀರಿತ್ತು. ಅದೇ ವರ್ಷದ ಅವರ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿತು. ಅಲ್ಲಿನ 258 ಮಂದಿ ಆಸ್ಪತ್ರೆಯ ಚಿಕಿತ್ಸೆಯನ್ನೂ ಪಡೆದಿದ್ದರು, ಪೂರಕ ಚಿಕಿತ್ಸೆಯನ್ನೂ ಪಡೆದಿದ್ದರು. ಆದರೂ ಅವರಲ್ಲಿ ಸಾವಿನ ಅಪಾಯ ಎರಡು ಪಟ್ಟಿತ್ತು. ಕಾರಣ ಹುಡುಕಿದಾಗ, ಅವರು ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ, ಹಾರ್ಮೋನ್ ಚಿಕಿತ್ಸೆಗಳಲ್ಲಿ ಒಂದಿಲ್ಲೊಂದನ್ನು ನಿರಾಕರಿಸಿದ್ದು ಕಂಡಿತು. ಹೆಸರಿಗೆ ಪೂರಕ, ನಡೆದದ್ದು ಅರ್ಧ ಪರ್ಯಾಯ.

ಒಳ್ಳೆಯ ಸಂಯೋಜನೆ ಹೇಗಿರುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಬೆಂಗಳೂರಿನ ವಿವೇಕಾನಂದ ಕೇಂದ್ರದ ಯೋಗ ಚಿಕಿತ್ಸೆ ಮತ್ತು ಸಂಶೋಧನಾ ಕೇಂದ್ರದಲ್ಲಿ ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ನಡೆಸಿದ ಆಸ್ತಮಾ ಅಧ್ಯಯನ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 53 ಮಂದಿ ಎರಡು ವಾರ ಯೋಗ ಕಲಿತು ಮನೆಯಲ್ಲಿ ಮುಂದುವರಿಸಿದರು. ವಯಸ್ಸು, ಕಾಯಿಲೆಯ ತೀವ್ರತೆಗಳಲ್ಲಿ ಹೊಂದುವ ಇನ್ನೂ 53 ಮಂದಿ ತಮ್ಮ ಔಷಧದಲ್ಲೇ ಉಳಿದರು. ಯೋಗ ಮಾಡಿದವರಲ್ಲಿ ವಾರಕ್ಕೆ ಬರುವ ಉಬ್ಬಸದ ಸಂಖ್ಯೆ, ಬೇಕಾಗುವ ಔಷಧದ ಪ್ರಮಾಣ ಎರಡೂ ಇಳಿದವು. ಗುಂಪುಗಳನ್ನು ಚೀಟಿ ಎತ್ತಿದಂತೆ ಹಂಚುವ ಇಂದಿನ ಕಟ್ಟುನಿಟ್ಟು ಅಲ್ಲಿ ಇರಲಿಲ್ಲ, ಅದನ್ನು ಮರೆಯಬಾರದು. ನಾನು ಮೆಚ್ಚುವುದು ಬೇರೊಂದನ್ನು: ಇನ್‌ಹೇಲರ್ ಎಸೆಯಿರಿ ಎಂದು ಶುರುಮಾಡದೆ, ಉಸಿರಿನ ವೇಗವನ್ನೂ ಔಷಧದ ಲೆಕ್ಕವನ್ನೂ ಅಳೆಯುತ್ತ ಹೋದದ್ದನ್ನು.

ಕೊನೆಗೆ, ಡಾಕ್ಟರಿಗೆ ಹೇಳದೆ ಸೇವಿಸುವ ಔಷಧಗಳ ಬಾಟಲಿಗಳು. 1993ರಲ್ಲಿ ಡೇವಿಡ್ ಐಸೆನ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಸಮೀಕ್ಷೆ ಪ್ರಕಟವಾಯಿತು. ಮೂವರಲ್ಲಿ ಒಬ್ಬರು ಆಸ್ಪತ್ರೆಯ ಹೊರಗಿನ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರು, ಹಾಗೆ ಪಡೆದವರಲ್ಲಿ ನೂರಕ್ಕೆ 72 ಮಂದಿ ಅದನ್ನು ತಮ್ಮ ಡಾಕ್ಟರಿಗೆ ಹೇಳಿರಲಿಲ್ಲ. ನಮ್ಮ ಮನೆಗಳಲ್ಲೂ ಲೇಹ್ಯ, ಚೂರ್ಣ, ಕಷಾಯಗಳನ್ನು ಔಷಧವೆಂದು ಎಣಿಸುವ ರೂಢಿಯಿಲ್ಲ. ಡಾಕ್ಟರು “ಬೇರೆ ಏನಾದ್ರೂ ತಗೊಳ್ತೀರಾ” ಎಂದರೆ “ಏನೂ ಇಲ್ಲ” ಎಂಬ ಉತ್ತರ ಸುಳ್ಳೆಂದು ಹೇಳಿದವರಿಗೇ ಅನ್ನಿಸುವುದಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ ಸುತ್ತಲಿನ ದಕ್ಷಿಣ ಏಷ್ಯಾದ ದಿನಸಿ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅಮೆರಿಕದಲ್ಲಿ 2004ರಿಂದ 2022ರವರೆಗೆ ದಾಖಲಾದ, ಅರಿಶಿನದ ಪೂರಕಗಳಿಂದ ಯಕೃತ್ತು ಕೆಟ್ಟ 10 ಪ್ರಕರಣಗಳಲ್ಲಿ ಒಬ್ಬರು ತೀರಿಕೊಂಡರು. ಅಡುಗೆಗೆ ಹಾಕುವ ಚಿಟಿಕೆ ಅರಿಶಿನಕ್ಕೂ, ಮೆಣಸಿನ ಸತ್ವ ಬೆರೆಸಿ ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲಿಗೂ ಅಜಗಜಾಂತರ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದ ಆರು ಮಂದಿಯ ಬಗ್ಗೆ 2021ರಲ್ಲಿ ಮುಂಬಯಿಯ ವೈದ್ಯರು ಬರೆದಾಗ, ಬಳಸಿದ ಬಳ್ಳಿ ಅಮೃತಬಳ್ಳಿಯೇ ಹೌದೇ ಎಂದು ಆಯುಷ್ ಸಚಿವಾಲಯ ಪ್ರಶ್ನಿಸಿತು. ಆ ಪ್ರಶ್ನೆ ನ್ಯಾಯವಾದದ್ದು, ಮತ್ತು ರೋಗಿಯೂ ಅದನ್ನೇ ಕೇಳಬೇಕು: ಈ ಬಾಟಲಿಯಲ್ಲಿರುವುದು ಯಾವ ಬಳ್ಳಿ, ಯಾವ ಭಾಗ, ಎಷ್ಟು?

ಇಲ್ಲಿ ನನಗೆ ಒಂದು ನೋವಿದೆ. ನಮ್ಮ ಔಷಧ ನಿಯಮಗಳಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳಲ್ಲಿ ಬಳಸುವ ವಿಷದ್ರವ್ಯಗಳ ಪಟ್ಟಿಯೊಂದಿದೆ, ಷೆಡ್ಯೂಲ್ ಇ(1). ಆ ದ್ರವ್ಯಗಳಿರುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಅಚ್ಚಾಗಿರಬೇಕೆಂದು 161ನೇ ನಿಯಮ ಹೇಳುತ್ತದೆ. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಆ ಬಾಟಲಿ ಎಚ್ಚರಿಕೆಯನ್ನೇ ಕೊಟ್ಟಿರುವುದಿಲ್ಲ.

ಎರಡನೆಯ ಭೇಟಿಗೆ ಚಿಕ್ಕಮ್ಮ ಇರುವ ಮಾತ್ರೆ, ಬಾಟಲಿ, ಡಬ್ಬಿಗಳನ್ನೆಲ್ಲ ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಹೋದರು. ವಾರ್ಫರಿನ್ ನೋಡಿದ ಆ ಡಿ.ಓ. ವೈದ್ಯರು ಕತ್ತನ್ನು ತಿರುಗಿಸುವ ಮಾತೇ ಎತ್ತದೆ, ಭುಜದ ಸ್ನಾಯುಗಳನ್ನು ನಿಧಾನಕ್ಕೆ ಹಿಗ್ಗಿಸಿ, ಮನೆಯಲ್ಲಿ ಮಾಡಲು ಮೂರು ವ್ಯಾಯಾಮ ಹೇಳಿಕೊಟ್ಟರು. ಆಮೇಲೆ ಮೈಸೂರಿನಿಂದ ಒಯ್ದ ಚೂರ್ಣದ ಡಬ್ಬಿಯನ್ನು ಕೈಯಲ್ಲಿ ಹಿಡಿದು ಇದರಲ್ಲಿ ಏನೇನಿದೆ ಎಂದು ಕೇಳಿದರು. ಡಬ್ಬಿಯ ಮೇಲೆ ಹೆಸರೊಂದೇ ಇತ್ತು. ಮಗಳು ಅದರ ಚಿತ್ರ ಕಳಿಸಿದಳು. ಮರುದಿನ ಬೆಳಗ್ಗೆ ನಾನು ಅದನ್ನು ಕೊಟ್ಟಿದ್ದ ಪಂಡಿತರ ಮನೆಗೆ ಹೋದೆ. ಎಂಬತ್ತು ದಾಟಿದ ಅವರು ಬೇಸರಿಸಿಕೊಳ್ಳಲಿಲ್ಲ. ಒಂಬತ್ತು ಮೂಲಿಕೆಗಳ ಹೆಸರನ್ನು ಕನ್ನಡದಲ್ಲಿ ತೂಕಸಮೇತ ಬರೆದುಕೊಟ್ಟು, “ಅಲ್ಲಿಯ ಡಾಕ್ಟರು ಬೇಡ ಅಂದ್ರೆ ನಿಲ್ಸಿಬಿಡಿ ಅಂತ ನಿಮ್ಮ ಚಿಕ್ಕಮ್ಮನಿಗೆ ಹೇಳಿ” ಎಂದರು. ಪ್ರತಿ ಹೆಸರಿನ ಪಕ್ಕದಲ್ಲಿ ಸಸ್ಯಶಾಸ್ತ್ರದ ಹೆಸರು ಸೇರಿಸಿ ಕಳಿಸಿದೆ. ಅದರಲ್ಲಿ ಶುಂಠಿಯ ಪಾಲು ಹೆಚ್ಚಿತ್ತು. ಅಲ್ಲಿನ ವೈದ್ಯರು ಚೂರ್ಣವನ್ನು ಸದ್ಯಕ್ಕೆ ನಿಲ್ಲಿಸಲು ಹೇಳಿ, ಚಿಕ್ಕಮ್ಮನ ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಪರೀಕ್ಷೆಯನ್ನು ಒಂದು ವಾರ ಹಿಂದಕ್ಕೆ, ಅದೇ ಶುಕ್ರವಾರಕ್ಕೆ ತಂದರು.